ಟಗರು ಹೊರಗೆ, ನಡುವಿನ ಕುರಿ ಒಳಗೆ

ಶೇರು ಪೇಟೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದರೆ ಚಹಾ ಬರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಯಾವ ಶೇರ್ ತಗೋಬೇಕ್ರಿ ಮೇಡಂ?" ಅದು ಗೊತ್ತಿದ್ದರೆ ಚಿಕ್ಕೋಡಿಯ ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೆ ಮೂವತ್ತು ವರ್ಷ ಕುರ್ಚಿ ಸವೆಸುತ್ತಿರಲಿಲ್ಲ ಎಂದು ಉತ್ತರ ಕೊಡುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ. ಯಾವ ಶೇರು ಏರುತ್ತದೆ ಎಂದು ಹೇಳುವುದು ನಮ್ಮ ಕೆಲಸವೇ ಅಲ್ಲ. ಇವತ್ತು ಕೇಳುತ್ತಿರುವ ಬೆಲೆಗೆ ಅದು ತುಟ್ಟಿಯೋ ಸೋವಿಯೋ, ಅಂದರೆ ದುಬಾರಿಯೋ ಅಗ್ಗವೋ ಎಂದು ಹೇಳಿದರೆ ನಮ್ಮ ಕೆಲಸ ಮುಗಿಯಿತು. ಇಷ್ಟು ಸಣ್ಣ ಮಾತು ಹೇಳುವುದಕ್ಕೆ ನಾನು ಎಷ್ಟು ತಪ್ಪು ಮಾಡಿದೆ, ಎಷ್ಟು ಬೈಸಿಕೊಂಡೆ, ಕಡೆಗೆ ಎಷ್ಟು ಜಂಬಪಟ್ಟೆ ಎಂಬುದನ್ನು ಬರೆಯುತ್ತಿದ್ದೇನೆ. ಜಂಬ ತುಸು ಹೆಚ್ಚಾಯಿತು ಅನಿಸಿದರೆ ಸಹಿಸಿಕೊಳ್ಳಿ, ಅದು ದುಡಿದು ಗಳಿಸಿದ್ದು.

ನಾನು ರಾಯಬಾಗ ತಾಲೂಕಿನವಳು. ಕುಡಚಿ ಸ್ಟೇಶನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಊರು. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕಬ್ಬು ಕಡಿದವರು. ನಮ್ಮದು ಬೌದ್ಧ ಮನೆತನ. ಮನೆಯಲ್ಲಿ ಊಟ ತಪ್ಪಿದರೂ ಶಾಲೆ ತಪ್ಪಬಾರದು ಎಂಬ ನೇಮವಿತ್ತು. ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಟೈಪಿಸ್ಟ್ ಎಂದೇ ಆ ಆಫೀಸು ಸೇರಿದೆ. ಮುಂದೆ ನನ್ನ ಮೇಜಿನ ಮೇಲೆ ಯಾವ ಯಾವ ಹುದ್ದೆಯ ಹಲಗೆ ಬಂದವು ಎಂಬುದು ನಿಮಗೂ ಬೇಡ, ನನಗೂ ನೆನಪಿಲ್ಲ.

ಆಫೀಸಿನ ಮಾಲೀಕರು ಬಾಳಾಸಾಹೇಬರು, ಪುಣೆಯ ಒಂದು ಶೇರು ದಲ್ಲಾಳಿ ಕಂಪನಿಯ ಏಜೆನ್ಸಿ ಹಿಡಿದವರು. ನಿಪ್ಪಾಣಿಯವರು. ಅವರ ತಂದೆ ತಂಬಾಕಿನ ವ್ಯಾಪಾರಿ. ಕಣ್ಣು ಮುಚ್ಚಿ ಎಲೆಯನ್ನು ಬೆರಳಲ್ಲಿ ತಿಕ್ಕಿ ದರ ಹೇಳುತ್ತಿದ್ದರಂತೆ. ಮಗನಿಗೂ ಅದೇ ಹೆಮ್ಮೆ. ಕಂಪನಿಯ ವಾರ್ಷಿಕ ವರದಿಯ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ, "ಚಲೋ ಮಾಲ್ ಐತಿ" ಎಂದುಬಿಡುತ್ತಿದ್ದರು. ಎಲ್ಲರೂ ಅವರನ್ನು ಅಣ್ಣಾ ಎನ್ನುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಬೈದರೆ ಮರಾಠಿಯಲ್ಲಿ, ಹೊಗಳಿದರೆ ಕನ್ನಡದಲ್ಲಿ. ಹೀಗಾಗಿ ನಾನು ಮೊದಲ ವರ್ಷದಲ್ಲೇ ಮರಾಠಿ ಚೆನ್ನಾಗಿ ಕಲಿತೆ.

ನಮ್ಮ ಕೆಲಸದ ಬೇರು ಒಂದು ಭಾಗಾಕಾರದಲ್ಲಿದೆ. ಶೇರಿನ ಬೆಲೆಯನ್ನು ಆ ಶೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಬೇಕು. ಬಂದ ಅಂಕಿಯನ್ನು ಪೇಟೆಯವರು ಪಿ.ಇ. ಎನ್ನುತ್ತಾರೆ. ಎಮ್ಮೆಯ ಬೆಲೆಯನ್ನು ಅದು ಕರೆಯುವ ಹಾಲಿನಿಂದ ಭಾಗಿಸಿ ನೋಡಿದ ಹಾಗೆ. ಒಂದು ರೂಪಾಯಿ ಲಾಭಕ್ಕೆ ಹನ್ನೆರಡು ರೂಪಾಯಿ ತೆರುತ್ತಿದ್ದೇವೋ, ನಲವತ್ತು ತೆರುತ್ತಿದ್ದೇವೋ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಹನ್ನೆರಡು ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಅದೇ ಕಸುಬಿನ ಉಳಿದ ಕಂಪನಿಗಳ ಅಂಕಿಯನ್ನು ಪಕ್ಕದಲ್ಲಿ ಇಟ್ಟಾಗಲೇ ತುಟ್ಟಿ ಸೋವಿ ಗೊತ್ತಾಗುವುದು. ಆ ಪಕ್ಕದಲ್ಲಿ ಇಡುವ ಕೆಲಸಕ್ಕೆ ಸ್ಪ್ರೆಡ್‌ಶೀಟ್ ಬೇಕು. ನನ್ನ ಕಥೆಯೆಲ್ಲ ಇರುವುದು ಆ ಪಕ್ಕದಲ್ಲಿ ಇಡುವುದರಲ್ಲೇ.

ಮೊದಮೊದಲು ಕಂಪ್ಯೂಟರ್ ಇರಲಿಲ್ಲ. ಪತ್ರಿಕೆಯಿಂದ ದರ ನೋಡಿ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಅಣ್ಣಾ ಮರಾಠಿ ಅಂಕಿ ಬರೆಯುತ್ತಿದ್ದರು. ನಾನು ಕನ್ನಡ ಅಂಕಿ ಬರೆಯುತ್ತಿದ್ದೆ. ಪುಣೆಯ ಮುಖ್ಯ ಕಚೇರಿಯಿಂದ ಬರುವ ಹಾಳೆಗಳಲ್ಲಿ ಇಂಗ್ಲಿಷ್ ಅಂಕಿ. ನನ್ನ ಕನ್ನಡ ಒಂದನ್ನು ಪುಣೆಯವರು ಸೊನ್ನೆ ಎಂದು ಓದಿ ಒಂದು ಸಿಮೆಂಟ್ ಕಂಪನಿಯ ಲಾಭವನ್ನೇ ಅಳಿಸಿ ಹಾಕಿದ ಮೇಲೆ ನಾನು ಇಂಗ್ಲಿಷಿಗೆ ಬದಲಾದೆ. ಅಣ್ಣಾ ಬದಲಾಗಲಿಲ್ಲ. "ಲೆಕ್ಕಾ ಆಯೀ ಭಾಷಾದಾಗ ಆಗೂದು. ಬ್ಯಾರೇ ಭಾಷಾದಾಗ ಆಗೂದು ಬರೇ ಬೂಟಾಟಿಕಿ" ಎನ್ನುವುದು ಅವರ ಸಿದ್ಧಾಂತ. ಆಯೀ ಭಾಷೆ ಎಂದರೆ ತಾಯ್ನುಡಿ. ಕಂಪ್ಯೂಟರ್ ಬಂದ ಮೇಲೂ ವರದಿಗಳನ್ನು ತಾವೇ ಓದಿ, ಭಾಗಾಕಾರ ಮಾಡಿ, ಅಂಕಿಗಳನ್ನು ಪುಸ್ತಕದಲ್ಲೇ ಬರೆದಿಡುತ್ತಿದ್ದರು. ನಾನು ನೋಡಿ ಟೈಪ್ ಮಾಡಬೇಕು. ವರ್ಷಗಟ್ಟಲೆ ಅವರ ಬೆನ್ನು ಬಿದ್ದೆ, ಇಂಗ್ಲಿಷ್ ಅಂಕಿ ಬರೀರಿ ಅಣ್ಣಾ, ಬರೀರಿ ಅಣ್ಣಾ ಎಂದು. ಈ ಹಟವೇ ಮುಂದೆ ನನ್ನ ಕುತ್ತಿಗೆಗೆ ಬಂತು. ಅದನ್ನು ಹೇಳುವ ಮೊದಲು ಒಂದು ಗೆಲುವಿನ ಕಥೆ ಹೇಳಿಬಿಡುತ್ತೇನೆ, ನನ್ನ ಮರ್ಯಾದೆ ತುಸು ಉಳಿಯಲಿ.

ಪುಣೆಯ ಮುಖ್ಯ ಕಚೇರಿಯಲ್ಲಿ ಹೊಸ ಸಾಹೇಬರೊಬ್ಬರು ಬಂದಿದ್ದರು. ದೊಡ್ಡ ಓದು, ಫೋನಿನಲ್ಲಿ ಸಣ್ಣ ದನಿ. ಎಲ್ಲ ಕಂಪನಿಗಳ ಇತ್ತೀಚಿನ ಮೂರು ತಿಂಗಳ ಲಾಭವನ್ನು ನಾಲ್ಕರಿಂದ ಗುಣಿಸಿ ವರ್ಷದ ಲಾಭ ಎಂದು ಹಿಡಿಯಿರಿ ಎಂದು ಸೂತ್ರ ಕಳಿಸಿದರು. ಬೇರೆ ಕಸುಬಿಗೆ ಅದು ಒಂದು ಮಟ್ಟಿಗೆ ನಡೆದೀತು. ಸಕ್ಕರೆ ಕಂಪನಿಗಳಿಗೂ ಅದನ್ನೇ ಹಾಕಿದಾಗ ಶೀಟಿನಲ್ಲಿ ಎಲ್ಲ ಸಕ್ಕರೆ ಶೇರುಗಳೂ ಬಿಟ್ಟಿ ಬಿದ್ದ ಹಾಗೆ ಕಾಣತೊಡಗಿದವು. ಪಿ.ಇ. ಮೂರು, ನಾಲ್ಕು. ಸಾಹೇಬರು ಹಿಗ್ಗಿ ಫೋನ್ ಮಾಡಿದರು, ಎಲ್ಲ ಗ್ರಾಹಕರಿಗೂ ತಿಳಿಸಿ ಎಂದರು.

"ಸಾಹೇಬ್ರ, ಒಂದ ಮಾತ ಕೇಳ್ಲ್ಯಾ?" ಎಂದೆ. "ನಮ್ಮ ಕಡೆ ಕಬ್ಬ ನುರಸೂದು ಹಂಗಾಮದಾಗ ಅಷ್ಟರೀ. ಹಂಗಾಮ ಮುಗದ ಮ್ಯಾಲ ಚಿಮಣೀ ಹೊಗಿ ಬಿಡೂದಿಲ್ಲ. ನೀವು ಹಂಗಾಮದ ಮೂರ ತಿಂಗಳ ಹಿಡದು ನಾಲ್ಕರಿಂದ ಗುಣಿಸೀರಿ. ಕಬ್ಬ ವರ್ಷಕ್ಕ ನಾಲ್ಕ ಸಲ ಬೆಳೀತೈತೇನ್ರಿ?"

ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿತು. ಆಮೇಲೆ ಸಾಹೇಬರು, "ನಿಮ್ಮ ಹೊಲ ಎಲ್ಲಿದೆ?" ಎಂದು ಕೇಳಿದರು. ಹೊಲ ಇಲ್ಲ, ಕಡಿದ ಕೈ ಇದೆ ಎಂದೆ. ಮರುದಿನ ಎಲ್ಲ ಶಾಖೆಗಳಿಗೂ ಹೊಸ ಸೂತ್ರ ಬಂತು: ಸಕ್ಕರೆಗೆ ಹಿಂದಿನ ಪೂರಾ ಹನ್ನೆರಡು ತಿಂಗಳ ಲಾಭ. ಅಣ್ಣಾ ಅವತ್ತು ಇಡೀ ಮಹಡಿಗೆ ಕೇಳುವಂತೆ ಕನ್ನಡದಲ್ಲಿ ಮಾತಾಡಿದರು.

ಈಗ ಕುತ್ತಿಗೆಗೆ ಬಂದ ಕಥೆ. ನಾನು ನಿವೃತ್ತಿಯಾಗುವುದಕ್ಕೆ ಕೆಲವೇ ವರ್ಷ ಮೊದಲಿನದು. ಅಣ್ಣಾ ಒಂದು ಸಕ್ಕರೆ ಕಂಪನಿಯ ಮೇಲೆ ಮನಸ್ಸು ಇಟ್ಟಿದ್ದರು. ಹೆಸರು ಬೇಡ. ಸಕ್ಕರೆಯ ಜೊತೆಗೆ ಇಂಧನಕ್ಕೆ ಬೆರೆಸುವ ಮದ್ಯಸಾರವನ್ನೂ ಮಾಡುವ ಘಟಕ ಹಾಕಿತ್ತು, ಪೇಟೆಯಲ್ಲಿ ಅದರದೇ ಮಾತು. ಅಣ್ಣಾ ತಮ್ಮ ಸ್ವಂತ ಉಳಿತಾಯವನ್ನೂ ಅದರಲ್ಲಿ ಹಾಕಿದ್ದರು, ಹಾಗಾಗಿ ಮೋಸ ಮಾಡಲು ಹೊರಟಿದ್ದರು ಎಂದು ಯಾರೂ ತಿಳಿಯಬಾರದು. ಅವರಿಗೆ ನಿಜವಾಗಿ ನಂಬಿಕೆ ಬಂದಿತ್ತು. ಅಥಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಭಾನುವಾರ ಗ್ರಾಹಕರ ಸಭೆ ಇಟ್ಟರು. ನಾನು ಒಂಬತ್ತು ಸಕ್ಕರೆ ಕಂಪನಿಗಳ ಪಿ.ಇ. ಹೋಲಿಸಿ ಶೀಟು ಮಾಡಿಕೊಡಬೇಕು. ಸಭೆಯಲ್ಲೇ ಬೇಕಾದವರು ಶೇರು ಕೊಳ್ಳುವ ಫಾರಂ ತುಂಬಬೇಕು.

ಶೀಟು ಮಾಡಿದೆ. ಅಂಕಿಗಳನ್ನು ನಿಮಗೆ ಸುಲಭವಾಗಲೆಂದು ದುಂಡು ಮಾಡಿ ಹೇಳುತ್ತೇನೆ. ಒಂಬತ್ತು ಕಂಪನಿಗಳ ಸರಾಸರಿ ಹತ್ತಿರ ಹತ್ತಿರ ನಲವತ್ತೈದು. ನಮ್ಮ ಕಂಪನಿಯದು ಇಪ್ಪತ್ತನಾಲ್ಕು. ಅಂದರೆ ಉಳಿದವರು ನಲವತ್ತೈದಕ್ಕೆ ಮಾರುವುದನ್ನು ಇವರು ಅರ್ಧ ಬೆಲೆಗೆ ಮಾರುತ್ತಿದ್ದಾರೆ. ಅಣ್ಣಾ ಚಪ್ಪಾಳೆ ತಟ್ಟಿ, ನಿಪ್ಪಾಣಿಯ ಛಾಪಖಾನೆಗೆ ಕಳಿಸಿ, ಬಣ್ಣದ ಹಾಳೆಯಲ್ಲಿ ಅಚ್ಚು ಹಾಕಿಸಿದರು.

ಆ ಗುರುವಾರ ಸಿಂಧೂಬಾಯಿ ಆಫೀಸಿಗೆ ಬಂದರು. ಕಾಗವಾಡದವರು, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ಆಗಷ್ಟೇ ನಿವೃತ್ತಿಯಾಗಿದ್ದರು. ನಮ್ಮ ಅವ್ವನ ಕಡೆಯಿಂದ ದೂರದ ನಂಟು, ಆದರೆ ನಾನು ಎಲ್ಲರ ಹಾಗೆ ಬಾಯಾರ ಎಂದೇ ಕರೆಯುತ್ತಿದ್ದೆ. ಮಕ್ಕಳಿಲ್ಲ. ಅವರಿಗೆ ಒಂದೇ ಹಂಬಲ: ಊರಿನ ಬುದ್ಧ ವಿಹಾರದ ಪಕ್ಕದಲ್ಲಿದ್ದ ತಮ್ಮ ಜಾಗದಲ್ಲಿ ಹುಡುಗಿಯರಿಗೆ ಒಂದು ಅಭ್ಯಾಸಿಕೆ ಕಟ್ಟಿಸಬೇಕು. ಮನೆಯಲ್ಲಿ ಓದಲು ಜಾಗವಿಲ್ಲದವರು ಬಂದು ಕೂತು ಪರೀಕ್ಷೆಗೆ ಓದುವ ಕೋಣೆ. ಕೈಗೆ ಬಂದ ನಿವೃತ್ತಿಯ ಹಣ ಕೋಣೆಯ ಗೋಡೆಗೆ ಸಾಲುತ್ತಿತ್ತು, ಚಾವಣಿಗೆ ಸಾಲುತ್ತಿರಲಿಲ್ಲ. ಎರಡು ವರ್ಷ ಶೇರಿನಲ್ಲಿಟ್ಟು ಬೆಳೆಸೋಣ ಎಂದುಕೊಂಡಿದ್ದರು.

"ನಿನ್ನ ಶೀಟಿನ್ಯಾಗ ಸೋವಿ ಅಂತ ಬಂದೈತಿ ಅಂದ್ರ ಮುಗೀತವಾ," ಎಂದರು. "ರವಿವಾರ ಫಾರಂ ತುಂಬತೀನಿ. ಇದ್ದದ್ದೆಲ್ಲಾ ಅದಕ್ಕ ಹಾಕೂದ."

ನಾನು ಹಿಗ್ಗಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಶನಿವಾರ ಮಧ್ಯಾಹ್ನ ಸುಮ್ಮನೆ ಶೀಟಿನ ಮೇಲೆ ಕಣ್ಣಾಡಿಸುತ್ತಿದ್ದೆ. ಒಂಬತ್ತರಲ್ಲಿ ಒಂದು ಕಂಪನಿಯ ಮುಂದೆ ತೊಂಬತ್ತೆರಡು ಎಂದಿತ್ತು. ಬಡಪಾಯಿ ಕಂಪನಿ, ಹಿಂದಿನ ವರ್ಷ ಹನ್ನೊಂದರ ಆಸುಪಾಸಿನಲ್ಲಿತ್ತು. ಒಮ್ಮೆಲೇ ತೊಂಬತ್ತೆರಡಕ್ಕೆ ಏರಲು ಅದಕ್ಕೇನು ದೆವ್ವ ಹಿಡಿದಿತ್ತೆ? ಪುಸ್ತಕ ತೆಗೆದು ನೋಡಿದೆ. ಅಣ್ಣಾ ನನ್ನ ಕಾಟ ತಾಳಲಾರದೆ ಆ ಹಾಳೆಯನ್ನು ಇಂಗ್ಲಿಷ್ ಅಂಕಿಯಲ್ಲಿ ಶುರು ಮಾಡಿದ್ದರು. ಮರಾಠಿಯ ಒಂದು, ಇಂಗ್ಲಿಷಿನ ಒಂಬತ್ತು ನೋಡಲು ಒಂದೇ ಬಸಿರಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಎರಡು ಮಾತ್ರ ಎರಡೂ ಲಿಪಿಯಲ್ಲಿ ಎರಡೇ.

"ಅಣ್ಣಾ, ನೀವು ಇಲ್ಲಿ ಬರದದ್ದು ಹನ್ನೆರಡೋ, ತೊಂಬತ್ತೆರಡೋ?"

"ಬಾರಾ," ಎಂದು ಮರಾಠಿಯಲ್ಲೇ ಹನ್ನೆರಡು ಹೇಳಿದರು, ತಲೆಯೆತ್ತದೆ. "ಕಾಣಸೂದಿಲ್ಲೇನು?"

"ಮ್ಯಾಲಿನ ಅರ್ಧಾ ಹಾಳಿ ಇಂಗ್ಲಿಷ್ ಐತಿ. ಕೆಳಗ ಮರಾಠಿ ಐತಿ."

"ನೀನ ಹೇಳಿದ್ದಿ ಅಲ್ಲಾ ಇಂಗ್ಲಿಷ್ ಬರೀರಿ ಅಂತ. ಅರ್ಧಾಕ್ಕ ಬರೂದ್ರಾಗ ಕೈ ಸೋತು. ಆಯೀ ಭಾಷಾಕ್ಕ ಹೊಳ್ಳಿ ಬಂದ್ನಿ."

ಇಪ್ಪತ್ತೈದು ವರ್ಷ ಮರಾಠಿ ಅಂಕಿ ಓದಿದವಳು ನಾನು. ಇಂಗ್ಲಿಷ್ ಹಾಳೆ ಎಂದು ನಂಬಿ ಓದಿದ ಮೊದಲ ಹಾಳೆಯಲ್ಲೇ ಎಡವಿದೆ. ಅಂಕಿ ಸರಿ ಮಾಡಿದೆ. ಸರಾಸರಿ ನಲವತ್ತೈದರಿಂದ ಮೂವತ್ತಾರಕ್ಕೆ ಇಳಿಯಿತು.

ಅಣ್ಣಾ ಕನ್ನಡಕ ಏರಿಸಿ ನೋಡಿದರು. "ನಮ್ಮ ಕಂಪನೀದು ಇಪ್ಪತ್ನಾಲ್ಕ ಹೌದಲ್ಲ? ಮತ್ತ? ಇನ್ನೂ ಸೋವೀನ ಐತಿ. ಛಾಪಾ ಆಗ್ಯಾವು, ಇರ್ಲಿ. ನಾಳೆ ಬಾಯಿಮಾತಿಲೆ ಮೂವತ್ತಾರು ಅಂದ್ರಾತು."

ಆಗಲೇ ನನ್ನ ಕಣ್ಣು ಶೀಟಿನ ಇನ್ನೊಂದು ಮನೆಯ ಮೇಲೆ ಬಿತ್ತು. ಒಂದು ಕಂಪನಿಯ ಪಿ.ಇ. ಇನ್ನೂರಾ ಹತ್ತು. ಅದು ಓದಿನ ತಪ್ಪಲ್ಲ. ಆ ವರ್ಷ ಆ ಕಂಪನಿಗೆ ಲಾಭ ಎಂಬುದು ಪುಡಿಗಾಸು. ಸಣ್ಣದರಿಂದ ಭಾಗಿಸಿದರೆ ಉತ್ತರ ದೊಡ್ಡದಾಗಲೇಬೇಕು. ಆ ಒಂದೇ ಅಂಕಿ ಇಡೀ ಒಂಬತ್ತರ ಸರಾಸರಿಯನ್ನು ಕಿವಿ ಹಿಡಿದು ಮೇಲೆ ಎಳೆದಿತ್ತು. ಒಂಬತ್ತನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಸರಿಯಾಗಿ ನಡುವೆ ಬರುವುದು ಹದಿನಾಲ್ಕು. ಲೆಕ್ಕದ ಪುಸ್ತಕದಲ್ಲಿ ಅದನ್ನು ಮಧ್ಯಾಂಕ ಎನ್ನುತ್ತಾರೆ. ಹದಿನಾಲ್ಕರ ಪಕ್ಕದಲ್ಲಿ ಇಟ್ಟರೆ ನಮ್ಮ ಇಪ್ಪತ್ತನಾಲ್ಕು ಸೋವಿ ಎಲ್ಲಿಂದ ಬಂತು? ಚೆನ್ನಾಗಿ ತುಟ್ಟಿ.

"ಆ ಇನ್ನೂರಾ ಹತ್ತ ತಗೀರಿ ಅಣ್ಣಾ."

"ತಪ್ಪ ಐತೇನು ಅದು?"

"ಇಲ್ರಿ. ಖರೇ ಐತಿ."

"ಖರೇ ಇದ್ದದ್ದನ್ನ ಯಾಕ ತಗೀಬೇಕು? ನಿನಗ ಬ್ಯಾಡಾದದ್ದನ್ನೆಲ್ಲಾ ತಗದು ಉಳದದ್ದಕ್ಕ ಲೆಕ್ಕ ಅನ್ನೂದೇನು? ಮತ್ತ ಒಂಬತ್ತ ಮಂದೀ ಕೇಳೂದ ಬಿಟ್ಟು ನಡುವಿನ ಒಬ್ಬನ್ನ ಹಿಡಕೊಂಡು ಕುಂದ್ರೂದು ಯಾವ ನ್ಯಾಯ?"

ಪುಸ್ತಕದ ಮಾತು ನಾಲಿಗೆಗೆ ಬರುತ್ತಿತ್ತು, ಅಣ್ಣಾರ ಮನಸ್ಸಿಗೆ ಹೋಗುತ್ತಿರಲಿಲ್ಲ. ಸಿಂಧೂಬಾಯಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಗುರುವಾರ ಸೋವಿ, ಶನಿವಾರ ತುಟ್ಟಿ. ಯಾವ್ದು ನಂಬಲವಾ? ಅಣ್ಣಾರು ಒಂದ ಅಂತಾರ, ನೀ ಒಂದ ಅಂತಿ. ನಾಳೆ ನಾಲ್ಕ ಮಂದೀ ಮುಂದ ಹೇಳು. ಆವಾಗೂ ಹಿಂಗ ಅಂದ್ರ ನಂಬತೀನಿ."

ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಆ ಹುಡುಗಿಯರ ಕೋಣೆ ನನ್ನ ಕೈಯಿಂದಲೇ ಬೀಳುತ್ತದೆ. ಬಾಯಿ ಬಿಟ್ಟರೆ, ನನಗೆ ಅನ್ನ ಕೊಟ್ಟ ಮನುಷ್ಯನನ್ನು ಅವರದೇ ಸಭೆಯಲ್ಲಿ ಎದುರು ಹಾಕಿಕೊಂಡಂತೆ, ಮೇಲಾಗಿ ನನ್ನ ತಪ್ಪು ಮೂರು ತಾಲೂಕಿಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಕಾರ್ಯಾಲಯ ತುಂಬಿತ್ತು. ಹಿಂದಿನಿಂದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಸಿಂಧೂಬಾಯಿ ಎರಡನೆಯ ಸಾಲಿನಲ್ಲಿ, ತೊಡೆಯ ಮೇಲೆ ಫಾರಂ, ಕೈಯಲ್ಲಿ ಪೆನ್ನು. ಅಣ್ಣಾ ಮಾತು ಶುರು ಮಾಡಿದರು. ನನ್ನ ಕೆಲಸ ಲ್ಯಾಪ್‌ಟಾಪಿನಿಂದ ಶೀಟನ್ನು ಪರದೆಗೆ ಬಿಡುವುದು. ಅಣ್ಣಾ "ಸರಾಸರಿ ನೋಡ್ರಿ" ಎಂದಾಗ ನಾನು ಎದ್ದು ನಿಂತೆ.

"ನಿಮ್ಮ ಕೈಯಾಗಿನ ಹಾಳ್ಯಾಗ ನಲವತ್ತೈದು ಅಂತ ಐತ್ರಿ," ಎಂದೆ. "ಅದು ತಪ್ಪ ಐತಿ. ತಪ್ಪ ಮಾಡಿದಾಕಿ ನಾನು. ಮರಾಠಿ ಒಂದನ್ನ ಇಂಗ್ಲಿಷ್ ಒಂಬತ್ತ ಅಂತ ಓದೀನಿ."

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಒಂದ ಅಂಕಿ ಓದಾಕ ಬರೂದಿಲ್ಲಂದ್ರ ಪಗಾರ ಯಾತಕ್ಕವಾ?" ಎಂದರು. ಜನ ನಕ್ಕರು.

"ತಪ್ಪಾದ್ರ ಎದ್ದು ನಿಂತು ಹೇಳಾಕ್ರೀ," ಎಂದೆ. ನಗು ನಿಂತಿತು.

ಆಮೇಲೆ ಮಧ್ಯಾಂಕದ ಮಾತು ಎತ್ತಿದೆ. ಹೇಳಿದಷ್ಟೂ ಜನರ ಮುಖ ಮಂಕಾಗುತ್ತ ಹೋಯಿತು. ಒಬ್ಬರು ಆಕಳಿಸಿದರು. ಅಣ್ಣಾ ಮೆಲ್ಲಗೆ ಮೈಕಿಗೆ ಬಂದು, "ತಪ್ಪ ತಿದ್ದೀವಿ, ಮೂವತ್ತಾರ ಅಂತ ಬರಕೋರಿ. ಒಂಬತ್ತೂ ಅಂಕಿ ಖರೇ ಅದಾವು, ಖರೇ ಇದ್ದದ್ದನ್ನ ತಗ್ಯಾಕ ಬರೂದಿಲ್ಲ," ಎಂದರು. ಸಿಂಧೂಬಾಯಿ ಪೆನ್ನಿನ ಮುಚ್ಚಳ ತೆಗೆದರು.

ಆಗ ಹಿಂದಿನ ಸಾಲಿನಲ್ಲಿ ಒಂದು ಕೋಲು ಮೇಲೆದ್ದಿತು. ಬೀರಪ್ಪ ಎಂದು, ಕೊಕಟನೂರ ಕಡೆಯ ಕುರಿಗಾರ. ಮಂಗಸೂಳಿಯಲ್ಲಿ ಶಿಕ್ಷಕಿಯಾಗಿದ್ದ ಮಗಳು ನಮ್ಮ ಗ್ರಾಹಕಳು. ಅವಳ ಜೊತೆ ಬಂದಿದ್ದರು. ಹೆಗಲ ಮೇಲೆ ಕಂಬಳಿ ಇತ್ತು.

"ಸಾವಕಾರ್ರ, ನಂದೊಂದ ಮಾತೈತ್ರಿ," ಎಂದರು ಅಣ್ಣಾರಿಗೆ. "ನಾವು ಪೂರಾ ಹಿಂಡ ಒಂದ ದರಕ್ಕ ಮಾರಾಕ ನಿಂತ್ರ ಮೊದಲ ಟಗರ ಹೊರಗ ನಿಲ್ಲಸ್ತೀವ್ರಿ. ಅದರ ದರ ಅದಕ್ಕ. ಉಳದ ಕುರೀ ಸಣ್ಣದರಿಂದ ದೊಡ್ಡದರ ತನಕಾ ಸಾಲ ಹಚ್ಚಿ, ನಡುವ ಯಾವ್ದ ನಿಂತೈತೋ ಅದರ ಕಿವಿ ಹಿಡದು ದರ ಮಾತಾಡತೀವಿ. ನಮ್ಮಪ್ಪನೂ ಹಂಗ, ಅವರಪ್ಪನೂ ಹಂಗ."

"ಅಲ್ಲೋ ಬೀರಪ್ಪಾ, ಟಗರೂ ಖರೇನ ಅಲ್ಲೇನು?" ಎಂದರು ಅಣ್ಣಾ.

"ಟಗರ ಖರೇನ ಐತ್ರಿ. ಸುಳ್ಳಂತ ಯಾರ ಅಂದಾರ? ಆದ್ರ ಟಗರ ತೋರಿಸಿ ಕುರೀ ದರ ಹೇಳಿದ್ರ ಸಂತ್ಯಾಗ ಕೆರಾ ತಗೋತಾರ್ರಿ."

ಕಾರ್ಯಾಲಯವೇ ಬಿದ್ದು ಹೋಗುವಂತೆ ಜನ ನಕ್ಕರು. ಹಿಂದಿನ ದಿನದಿಂದ ನಾನು ಹುಡುಕುತ್ತಿದ್ದ ಉತ್ತರ ಅದು. ಯಾವ ಪುಸ್ತಕದಲ್ಲೂ ಅಷ್ಟು ಚೊಕ್ಕಟವಾಗಿ ಬರೆದಿಲ್ಲ. ಒಂದು ಅಂಕಿ ನಿಜವಾಗಿರುವುದು ಬೇರೆ, ಉಳಿದವರ ಪರವಾಗಿ ಮಾತಾಡುವ ಯೋಗ್ಯತೆ ಅದಕ್ಕಿರುವುದು ಬೇರೆ.

ನಾನು ತಡಮಾಡಲಿಲ್ಲ. ಎಲ್ಲರೂ ನೋಡುತ್ತಿರುವಂತೆ ಒಂಬತ್ತು ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲು ಹಚ್ಚಿದೆ. ಒಂಬತ್ತು, ಹನ್ನೊಂದು, ಹನ್ನೆರಡು, ಹನ್ನೆರಡು, ಹದಿನಾಲ್ಕು, ಹದಿನೈದು, ಹದಿನೇಳು, ಇಪ್ಪತ್ತನಾಲ್ಕು, ಇನ್ನೂರಾ ಹತ್ತು. ಕಡೆಯದಕ್ಕೆ ಕೆಂಪು ಬಣ್ಣ ಹಾಕಿ, "ಇದ್ರೀ ಟಗರು," ಎಂದೆ. ಐದನೆಯದಕ್ಕೆ ಹಸಿರು ಹಾಕಿ, "ಇದು ನಡುವಿನ ಕುರಿ. ನಮ್ಮ ಕಂಪನಿ ಎಲ್ಲಿ ನಿಂತೈತಿ ನೋಡ್ರಿ."

"ಟಗರಿನ ಬಾಜೂಕ," ಎಂದು ನಾಲ್ಕೈದು ದನಿ ಒಟ್ಟಿಗೆ ಬಂದವು.

ಇನ್ನೂ ಒಂದು ಕೆಲಸ ಮಾಡಿದೆ. ನನ್ನ ತಪ್ಪನ್ನು ಬೇಕೆಂದೇ ಮತ್ತೆ ಹಾಕಿದೆ, ಹನ್ನೆರಡರ ಜಾಗದಲ್ಲಿ ತೊಂಬತ್ತೆರಡು. ಸರಾಸರಿ ಮೂವತ್ತಾರರಿಂದ ನಲವತ್ತೈದಕ್ಕೆ ಹಾರಿತು. ನಡುವಿನದು ಹದಿನಾಲ್ಕರಿಂದ ಹದಿನೈದಕ್ಕೆ ಸರಿದು ನಿಂತಿತು. "ನನ್ನಂಥಾಕಿ ತಪ್ಪ ಓದಿದ್ರೂ ನಡುವಿನ ಕುರಿ ಒಂದ ಹೆಜ್ಜಿ ಅಷ್ಟ ಸರೀತೈತ್ರಿ," ಎಂದೆ. ಪಗಾರದ ಮಾತೆತ್ತಿದ್ದ ಹಿರಿಯರು ತಲೆದೂಗಿದರು. ಟಗರನ್ನು ಪೂರಾ ತೆಗೆದು ಎಂಟರ ಸರಾಸರಿ ತೆಗೆದರೂ ಹದಿನಾಲ್ಕೇ ಬರುತ್ತದೆ ಎಂದು ತೋರಿಸಿದಾಗ ಪ್ರಶ್ನೆ ಕೇಳುವವರು ಯಾರೂ ಉಳಿಯಲಿಲ್ಲ.

ಅಣ್ಣಾ ಪರದೆಯ ಹತ್ತಿರ ಹೋಗಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ತಿರುಗಿದಾಗ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಯಾಸ ಇತ್ತು.

"ನಮ್ಮಪ್ಪ ತಂಬಾಕಿನ ಗಂಟಿಗೆ ಕೈ ಹಾಕಿದ್ರ ನಡುವ ಹಾಕಾವ," ಎಂದರು. "ಮ್ಯಾಲಿನ ಎಲಿ ಮಾರಾವ ತೋರಸೂದು, ತಗೊಳ್ಳಾವ ನೋಡೂದಲ್ಲ ಅಂತಿದ್ದ. ನಾ ಇವತ್ತ ಮ್ಯಾಲಿನ ಎಲಿ ನೋಡೀನಿ." ಮೈಕು ಕೆಳಗಿಟ್ಟು, ಫಾರಂ ಸಂಗ್ರಹಿಸಲು ಇಟ್ಟಿದ್ದ ಡಬ್ಬಿಯನ್ನು ತಾವೇ ಎತ್ತಿ ಮೇಜಿನ ಕೆಳಗೆ ಸರಿಸಿದರು. "ಇವತ್ತ ಯಾರೂ ಫಾರಂ ತುಂಬೂದ ಬ್ಯಾಡ್ರಿ. ಉಪ್ಪಿಟ್ಟ ತಿಂದ ಹೋಗ್ರಿ."

ಆ ಮನುಷ್ಯನ ಮೇಲೆ ಅವತ್ತು ನನಗೆ ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ನಾಲ್ಕು ಜನರ ಮುಂದೆ ತಪ್ಪು ಒಪ್ಪುವುದು ಟೈಪಿಸ್ಟಿಗೆ ಸುಲಭ, ಮಾಲೀಕನಿಗೆ ಕಷ್ಟ.

ಸಿಂಧೂಬಾಯಿ ಪೆನ್ನಿಗೆ ಮುಚ್ಚಳ ಹಾಕಿ, ಫಾರಂ ಮಡಚಿ ಪರ್ಸಿಗೆ ಸೇರಿಸಿ ನನ್ನ ಹತ್ತಿರ ಬಂದರು. "ಒಂದ ಕುರೀ ಮ್ಯಾಲ ಎಲ್ಲಾ ಹಚ್ಚಾಕ ಹೊಂಟಿದ್ನೆಲ್ಲವಾ," ಎಂದರು. ಮರುವಾರ ಬಂದು, ಹೆಚ್ಚಿನ ಪಾಲನ್ನು ಬ್ಯಾಂಕಿನ ಠೇವಣಿಗೆ, ಉಳಿದದ್ದನ್ನು ಬೇರೆ ಬೇರೆ ಕಸುಬಿನ ನಾಲ್ಕು ಕಂಪನಿಗಳಿಗೆ ಹಂಚಿದರು. ಅವುಗಳ ಶೀಟನ್ನು ನಾನು ಮೂರು ಸಲ ತಾಳೆ ನೋಡಿದೆ.

ಆ ಸಕ್ಕರೆ ಶೇರು ಮುಂದೆ ಏನಾಯಿತು ಎಂದು ನೀವು ಕೇಳಿಯೇ ಕೇಳುತ್ತೀರಿ. ಮರುವರ್ಷ ಹಂಗಾಮು ಕೈಕೊಟ್ಟಿತು, ಶೇರು ಅರ್ಧಕ್ಕಿಂತ ಕೆಳಗೆ ಬಂತು. ಆದರೆ ಅದು ಏರಿದ್ದರೂ ನಾನು ಹೇಳಿದ್ದು ಸರಿಯೇ ಆಗಿರುತ್ತಿತ್ತು. ತುಟ್ಟಿ ವಸ್ತು ಕೆಲವೊಮ್ಮೆ ಇನ್ನೂ ತುಟ್ಟಿಯಾಗುತ್ತದೆ. ಅದಕ್ಕೆ ಅದು ಸೋವಿ ಎಂದು ಹೆಸರಿಡಲು ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದವರು ಈ ಕೆಲಸಕ್ಕೆ ಬರಬೇಡಿ.

ಅಲ್ಲಿಂದ ಮುಂದೆ ನಮ್ಮ ಆಫೀಸಿನ ಪದ್ಧತಿಯೇ ಬದಲಾಯಿತು. ಯಾವ ಶೀಟು ಬಂದರೂ ಮೊದಲು ಸಾಲು ಹಚ್ಚು, ಎರಡೂ ತುದಿ ನೋಡು, ಆಮೇಲೆ ಬಾಯಿ ತೆರೆ. ಅಣ್ಣಾ ಸರಾಸರಿ ಎಂಬ ಮಾತನ್ನೇ ಬಿಟ್ಟು, "ಟಗರ ಎಷ್ಟ? ನಡುವಿಂದ ಎಷ್ಟ?" ಎಂದು ಕೇಳುತ್ತಿದ್ದರು. ಪುಣೆಯ ಸಾಹೇಬರು ಫೋನಿನಲ್ಲಿ ಒಮ್ಮೆ ಇದನ್ನು ಕೇಳಿ ಗೊಂದಲಕ್ಕೆ ಬಿದ್ದು, ನೀವು ಕುರಿ ಸಾಕಾಣಿಕೆಗೂ ಇಳಿದಿದ್ದೀರಾ ಎಂದು ವಿಚಾರಿಸಿದ್ದರು.

ಕಡೆಯ ವರ್ಷಗಳಲ್ಲಿ ನಿಪ್ಪಾಣಿಯ ಅಶ್ವಿನಿ ಎಂಬ ಹುಡುಗಿ ಸಹಾಯಕ್ಕೆ ಬಂದಳು. ಎಂ.ಬಿ.ಎ. ಓದಿದವಳು. ನಾನು ಅವಳಿಗೆ ಸಕ್ಕರೆಯ ಹಂಗಾಮು ಕಲಿಸಿದೆ, ಅವಳು ನನಗೆ ಸಾಲು ಹಚ್ಚಿದ ಅಂಕಿಗಳನ್ನು ನಾಲ್ಕು ಪಾಲು ಮಾಡಿ ನೋಡುವುದನ್ನು ಕಲಿಸಿದಳು. ನಷ್ಟದಲ್ಲಿರುವ ಕಂಪನಿಗೆ ಪಿ.ಇ. ಎಂಬುದೇ ಇಲ್ಲ, ನಾನು ಹಲವು ವರ್ಷ ಆ ಮನೆಯಲ್ಲಿ ಸೊನ್ನೆ ಹಾಕುತ್ತಿದ್ದೆ. "ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ ಅಲ್ರೀ ಮೇಡಂ? ಖಾಲಿ ಬಿಟ್ರ ಸರಾಸರಿ ಅದನ್ನ ಬಿಟ್ಟು ಹೋಗ್ತೈತಿ, ಸೊನ್ನಿ ಹಾಕಿದ್ರ ಲೆಕ್ಕಾಕ್ಕ ಹಿಡೀತೈತಿ," ಎಂದು ಅವಳು ಹೇಳಿದ ದಿನ ನನ್ನ ಹಳೆಯ ಶೀಟುಗಳನ್ನೆಲ್ಲ ನೆನೆದು ಬೆವರಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಚ್ಚುಕಟ್ಟಾಗಿ ತುಂಬಿದ ಶೀಟೆಲ್ಲ ಸರಿಯಲ್ಲ. ಈಗ ಫೋನಿನಲ್ಲೇ ಎಲ್ಲ ಅಂಕಿ ತಾನಾಗಿ ಬರುತ್ತವೆ, ಯಾರೂ ಪುಸ್ತಕ ನೋಡಿ ಟೈಪ್ ಮಾಡುವುದಿಲ್ಲ. ಆದರೆ ತಾನಾಗಿ ಬಂದ ಅಂಕಿಗೂ ತುದಿ ಇರುತ್ತದೆ, ನಡು ಇರುತ್ತದೆ. ನೋಡುವ ಕಣ್ಣು ನಿಮ್ಮದೇ.

ನನ್ನ ನಿವೃತ್ತಿಯಾಗಿ ಕೆಲವು ತಿಂಗಳ ಮೇಲೆ ಸಿಂಧೂಬಾಯಿ ಕಾಗವಾಡಕ್ಕೆ ಕರೆದರು. ಉದ್ಘಾಟನೆ, ಹಾರ, ಭಾಷಣ ಇರಬಹುದೆಂದು ನಾನು ಒಳ್ಳೆಯ ಸೀರೆ ಉಟ್ಟು, ಬಸ್ಸಿನಲ್ಲಿ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಹೋದೆ. ಏನೂ ಇರಲಿಲ್ಲ. ಕೋಣೆ ಆಗಲೇ ಒಂದು ವಾರದಿಂದ ನಡೆಯುತ್ತಿತ್ತು. ಗೋಡೆಯೂ ಇತ್ತು, ಚಾವಣಿಯೂ ಇತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಒಂದೊಂದು ಬೆಂಚಿನಲ್ಲಿ ಇಬ್ಬರು ಕೂರುವಲ್ಲಿ ಮೂವರು ಕೂತಿದ್ದರು. ಜಾಗ ಸಿಗದವರು ಗೋಡೆಗೆ ಒರಗಿ ನೆಲದ ಮೇಲೆ ಕೂತು ಓದುತ್ತಿದ್ದರು.

"ನಿಲ್ಲು, ನಿನ್ನ ಗುರ್ತ ಮಾಡಿ ಕೊಡತೀನಿ ಹುಡಿಗ್ಯಾರಿಗೆ," ಎಂದು ಬಾಯಾರು ಒಳಗೆ ಕಾಲಿಟ್ಟರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು, ಗೋಡೆಯ ಮೇಲೆ ಬರೆದದ್ದನ್ನು ತೋರಿಸಿದಳು. ಅಲ್ಲಿ ಬಾಯಾರದೇ ಕೈಬರಹದಲ್ಲಿ ಇತ್ತು: ಒಳಗೆ ಮಾತು ಬೇಡ.

ಬಾಯಾರು ಸೆರಗು ಬಾಯಿಗೆ ಒತ್ತಿ ನಗುತ್ತ ಹೊರಗೆ ಬಂದರು. ನನ್ನ ಭಾಷಣವೂ ಹೊರಗೇ ಉಳಿಯಿತು. ನಾವಿಬ್ಬರೂ ಬಾಗಿಲ ಹೊರಗೆ ನಿಂತು ಬಹಳ ಹೊತ್ತು ನೋಡಿದೆವು. ಒಬ್ಬಳೂ ತಲೆಯೆತ್ತಿ ನಮ್ಮ ಕಡೆ ನೋಡಲಿಲ್ಲ.